ಶೌಚಾಲಯವನ್ನೂ ಲೆಕ್ಕಕ್ಕೆ ಸೇರಿಸಿ

ಮೊದಲು ಒಂದು ಸಣ್ಣ ಲೆಕ್ಕ. ಕೊರೋನಾ ಸೋಂಕು ತಗುಲಿದ ಒಬ್ಬರಿಂದ ಸರಾಸರಿ ಎರಡೂವರೆ ಜನಕ್ಕೆ ಹರಡುತ್ತೆ ಅಂತಿಟ್ಕೊಳ್ಳಿ. ಹೀಗೇ ಹತ್ತು ಸುತ್ತು ನಡೆದ್ರೆ, ಹತ್ತನೇ ಸುತ್ತೊಂದರಲ್ಲೇ ಸುಮಾರು 9,500 ಹೊಸ ರೋಗಿಗಳು. ಈಗ ಎಲ್ಲರೂ ಜನರ ಜೊತೆ ಬೆರೆಯೋದನ್ನ ಅರ್ಧಕ್ಕೆ ಇಳಿಸಿದ್ರು ಅನ್ನಿ. ಎರಡೂವರೆ ಹೋಗಿ ಒಂದೂಕಾಲು ಆಯ್ತು. ಹತ್ತನೇ ಸುತ್ತಲ್ಲಿ ಎಷ್ಟು ಜನ ಗೊತ್ತಾ? ಒಂಬತ್ತು! 2020ರಲ್ಲಿ ಸರ್ಕಾರಗಳು ಸಾಮಾಜಿಕ ಅಂತರ ಅಂತ ಬೆನ್ನು ಹತ್ತಿದ್ದು ಸುಮ್ಮನೆ ಅಲ್ಲ.

ರೋಗ ಹರಡೋ ಈ ಗಣಿತಕ್ಕೆ 1927ರಲ್ಲಿ ಬುನಾದಿ ಹಾಕಿದವರು ಕೆರ್ಮ್ಯಾಕ್ ಮತ್ತು ಮೆಕೆಂಡ್ರಿಕ್ ಅನ್ನೋ ಇಬ್ಬರು ವಿಜ್ಞಾನಿಗಳು. ಅವರು ತಮ್ಮ ಸಮೀಕರಣವನ್ನ ತಾಳೆ ಹಾಕಿ ನೋಡಿದ್ದು ನಮ್ಮದೇ ಬಾಂಬೆಯ 1905–06ರ ಪ್ಲೇಗಿನ ಸಾವುಗಳ ಜೊತೆ. (ಪ್ಲೇಗು ಹರಡೋದು ಇಲಿ ಮೈಮೇಲಿನ ಚಿಗಟದಿಂದ, ಆ ಸಮೀಕರಣದಲ್ಲಿ ಇಲಿಯೇ ಇಲ್ಲ. ಆ ಕಥೆ ಇನ್ನೊಂದಿನ ಹೇಳ್ತೀನಿ.) ಊರಲ್ಲಿ ಎಲ್ಲರೂ ಎಲ್ಲರ ಜೊತೆ ಒಂದೇ ಸಮ ಬೆರೀತಾರೆ ಅನ್ನೋದು ಆ ಸಮೀಕರಣದ ಊಹೆ. ನನ್ನ ತಕರಾರು ಇರೋದೇ ಇಲ್ಲಿ.

ಅದೇ ಊರು, 2020ರ ಜುಲೈ. ಮುಂಬೈನ ಮೂರು ವಾರ್ಡ್‌ಗಳಲ್ಲಿ ಜನರ ರಕ್ತ ಪರೀಕ್ಷೆ ಮಾಡಿದ್ರು. ಕೊಳೆಗೇರಿಗಳಲ್ಲಿ ಶೇ. 57ರಷ್ಟು ಜನರಿಗೆ ಆಗಲೇ ಸೋಂಕು ಬಂದು ಹೋಗಿತ್ತು. ಅದೇ ವಾರ್ಡ್‌ಗಳ ಉಳಿದ ಮನೆಗಳಲ್ಲಿ? ಶೇ. 16. ಲಾಕ್‌ಡೌನ್ ಒಂದೇ, ಲಾಠಿನೂ ಒಂದೇ. ಆದ್ರೆ ಒಂದು ಕಡೆ ಬೆಳಿಗ್ಗೆ ಎದ್ದರೆ ಸಾರ್ವಜನಿಕ ಶೌಚಾಲಯದ ಮುಂದೆ ಸಾಲು. ಅದೇ ಚಿಲಕ, ಅದೇ ನಲ್ಲಿ, ಒಬ್ಬರು ಬಿಟ್ಟ ಉಸಿರನ್ನೇ ಇನ್ನೊಬ್ಬರು ಎಳ್ಕೊಳ್ಳೋ ಇಕ್ಕಟ್ಟು. ಹತ್ತಡಿ ಕೋಣೇಲಿ ಆರು ಜನ ಮಲಗೋರಿಗೆ ಆರಡಿ ದೂರ ಇರಿ ಅಂದ್ರೆ ಎಲ್ಲಿಗೆ ಹೋಗ್ಬೇಕು ಅವರು?

ಗಣಿತದವರಿಗೆ ಇದು ಹೊಳೆದಿರಲಿಲ್ಲ ಅಂತಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಸೇರಿ ಇಡೀ ನಗರವನ್ನೇ ಕಂಪ್ಯೂಟರಿನಲ್ಲಿ ಕಟ್ಟಿದ್ರು. ಅದರೊಳಗಿನ ಒಬ್ಬೊಬ್ಬರಿಗೂ ಮನೆ ಕೊಟ್ಟು, ಮಕ್ಕಳಿಗೆ ಶಾಲೆ, ದುಡಿಯೋರಿಗೆ ಕೆಲಸದ ಜಾಗ ಗೊತ್ತು ಮಾಡಿದ್ರು. ಮುಂಬೈಗೆ ಅಂತ ಹೀಗೆ ಕಟ್ಟಿದ ಗಣಿತದ ಮಾದರಿಯಲ್ಲಿ ಕೊಳೆಗೇರಿಯನ್ನ ಬೇರೆಯಾಗೇ ಲೆಕ್ಕ ಹಾಕಿದ್ರು. ಶಭಾಷ್ ಅನ್ನಲೇಬೇಕು. ಆದ್ರೆ ಇಂಥ ಮಾದರಿಗಳಲ್ಲಿ "ಇಷ್ಟು ಮನೆಯವರು ನಿಯಮ ಪಾಲಿಸಿದ್ರೆ" ಅನ್ನೋ ಒಂದು ಅಂಕಿ ಇರುತ್ತಲ್ಲ, ಅದು ಟಿವಿ ಸ್ಟುಡಿಯೋ ತಲುಪೋ ಹೊತ್ತಿಗೆ "ಜನಕ್ಕೆ ಬುದ್ಧಿ ಇಲ್ಲ" ಅಂತಾಗಿಬಿಡುತ್ತೆ.

ಲಾಕ್‌ಡೌನ್ 21 ದಿನ ಸಾಕಾ, 42 ದಿನ ಬೇಕಾ ಅಂತ ಮಾದರಿ ಓಡಿಸಿ ನೋಡ್ತಾರಲ್ಲ, ಹಾಗೇ ಒಂದು ಗಲ್ಲಿಗೆ ನಾಲ್ಕು ಶೌಚಾಲಯ ಹೆಚ್ಚಿಗೆ ಕಟ್ಟಿಸಿದ್ರೆ ಎಷ್ಟು ಸೋಂಕು ತಪ್ಪುತ್ತೆ ಅಂತಲೂ ಓಡಿಸಿ ನೋಡ್ಲಿ. ಕೋಡ್ ಬರೆಯೋರಿಗೆ ಅದೇನು ದೊಡ್ಡ ಕೆಲಸ ಅಲ್ಲ. ಉತ್ತರ ಬಂದ ಮೇಲೆ ದುಡ್ಡು ಬಿಚ್ಚೋದು ಯಾರು ಅನ್ನೋದೇ ಕಷ್ಟದ ಪ್ರಶ್ನೆ.