ಎಲೆ ಮರೆಯ ಸೌತೆಕಾಯಿ

ಕೇಳುಗರಿಗೆ ನಮಸ್ಕಾರ.

ಸೌತೆ ಬೀಜ ಮೊಳೆಸುವುದು ಕಷ್ಟವೇ ಅಲ್ಲ. ಅರ್ಧ ಇಂಚು ಆಳಕ್ಕೆ ಊರಿ, ಮಣ್ಣು ಹಸಿಯಾಗಿಟ್ಟರೆ ಐದಾರು ದಿನದಲ್ಲಿ ಎರಡೆಲೆ ಬಿಡುತ್ತದೆ. ಕಷ್ಟ ಇರುವುದು ಕಾಯಿ ಕೊಯ್ಯುವುದರಲ್ಲಿ. ನಗಬೇಡಿ, ನಿಜವಾಗಿ ಹೇಳುತ್ತಿದ್ದೇನೆ.

ಕಳೆದ ಮಳೆಗಾಲ ನಮ್ಮ ಹಿತ್ತಲಿನ ಚಪ್ಪರದ ತುಂಬ ಮುಳ್ಳುಸೌತೆ ಹಬ್ಬಿತ್ತು. ದಿನ ಬಿಟ್ಟು ದಿನ ಎರಡು ಮೂರು ಕಾಯಿ ಸಿಗುತ್ತಿತ್ತು. ಇದ್ದಕ್ಕಿದ್ದಂತೆ ನಿಂತುಹೋಯಿತು. ಮಿಡಿ ಕಚ್ಚುವುದು, ಹಳದಿಯಾಗಿ ಉದುರುವುದು. ಗೊಬ್ಬರ ಸಾಲದೇನೋ ಅಂತ ಎರಡು ಬುಟ್ಟಿ ಹಾಕಿದೆ. ಏನೂ ಆಗಲಿಲ್ಲ. ಪಕ್ಕದ ಮನೆ ಅಜ್ಜಿ ಬಂದವರು ಚಪ್ಪರದ ಮೂಲೆಯಲ್ಲಿ ನಾಲ್ಕು ಎಲೆ ಸರಿಸಿದರು. ಮೊಳಕೈ ಗಾತ್ರದ ಕಾಯಿ! ಎಷ್ಟು ದಿನದಿಂದ ಕೂತಿತ್ತೋ, ಪೂರ್ತಿ ಹಳದಿ. "ಇದನ್ನ ಹೊತ್ಕೊಂಡಿರುವಾಗ ಬಳ್ಳಿ ಇನ್ನೊಂದು ಯಾಕೆ ಹೊರುತ್ತೆ ಮಾರಾಯ್ತಿ?" ಅಂದರು.

ಬಳ್ಳಿಗೆ ಬೇಕಾದದ್ದು ಬೀಜ, ನಮ್ಮ ಕೋಸಂಬರಿ ಅಲ್ಲ. ಒಂದು ಕಾಯಿಯಲ್ಲಿ ಬೀಜ ಬಲಿಯತೊಡಗಿದರೆ ಸತ್ವವೆಲ್ಲ ಅತ್ತ ಹರಿಯುತ್ತದೆ, ಹೊಸ ಮಿಡಿಗಳಿಗೆ ಪಾಲು ಇಲ್ಲ. ಹಾಗಾಗಿ ಕಾಯಿ ಶುರುವಾದ ಮೇಲೆ ಎರಡು ದಿನಕ್ಕೊಮ್ಮೆ ಕೆಳಗಿನಿಂದಲೂ ಬಗ್ಗಿ ನೋಡಬೇಕು. ಬಿತ್ತಿದ 45ರಿಂದ 55 ದಿನಕ್ಕೆ ಕೊಯ್ಲು ಶುರು. ಹೆಣ್ಣು ಹೂ ಅರಳಿದ ಎಂಟು ಹತ್ತು ದಿನಕ್ಕೆ ಕಾಯಿ ಹದಕ್ಕೆ ಬರುತ್ತದೆ. ಒಂದು ಗೇಣಿನ ಒಳಗೇ ಕೊಯ್ಯಿರಿ. ಎಳೆಯಬೇಡಿ, ಬಳ್ಳಿಯೇ ಕಿತ್ತು ಬಂದೀತು. ಕತ್ತರಿಯಿಂದ ಸ್ವಲ್ಪ ತೊಟ್ಟು ಬಿಟ್ಟು ಕತ್ತರಿಸಿ.

ಹೂ ಬಿಟ್ಟರೂ ಕಾಯಿ ಇಲ್ಲ ಅಂತ ಎಷ್ಟೋ ಜನ ಮೊದಲ ವಾರವೇ ಗಾಬರಿಯಾಗುತ್ತಾರೆ. ಮೊದಲು ಬರುವವು ಗಂಡು ಹೂಗಳು, ಅವು ಉದುರಲೇಬೇಕು. ಹಿಂಬದಿಯಲ್ಲಿ ಪುಟ್ಟ ಮಿಡಿ ಇರುವುದು ಹೆಣ್ಣು ಹೂ. ಜಡಿಮಳೆಯಲ್ಲಿ ಜೇನು ಬರುವುದಿಲ್ಲ, ಅಲ್ವಾ? ಆಗ ಬೆಳಿಗ್ಗೆ ಗಂಡು ಹೂವೊಂದನ್ನು ಕಿತ್ತು, ಎಸಳು ಬಿಡಿಸಿ, ಹೆಣ್ಣು ಹೂವಿನ ನಡುವೆ ಮೆಲ್ಲಗೆ ಸವರಿ. ಅರ್ಧ ನಿಮಿಷದ ಕೆಲಸ.

ಕಾಯಿ ಡೊಂಕಾಗಿ, ಒಳಗೆ ಹುಳ ಇದ್ದರೆ ಅದು ಹಣ್ಣುನೊಣದ ಕಿತಾಪತಿ. ಎಳೆ ಮಿಡಿಗೇ ಚುಚ್ಚಿ ಮೊಟ್ಟೆ ಇಡುತ್ತದೆ. ಮಿಡಿಗೆ ಕಾಗದದ ಕೊಟ್ಟೆಯನ್ನೋ ತೆಳು ಬಟ್ಟೆಯನ್ನೋ ಕಟ್ಟಿ. ಹುಳುಕಾದದ್ದನ್ನು ಗೊಬ್ಬರಗುಂಡಿಗೆ ಎಸೆದರೆ ಮರಿಗಳನ್ನು ನಾವೇ ಸಾಕಿದಂತೆ. ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿ ಬಿಸಿಲಿಗಿಡಿ.

ಇನ್ನು ಕಹಿ. ತೊಟ್ಟಿನ ತುದಿ ಕೊಯ್ದು, ತಿಕ್ಕಿ, ನೊರೆ ಬರಿಸುತ್ತೇವಲ್ಲ, ಕಹಿ ಹೋಗುವುದು ತಿಕ್ಕಿದ್ದಕ್ಕಲ್ಲ ಅಂತ ನನ್ನ ಅನಿಸಿಕೆ. ಕಹಿ ಜಾಸ್ತಿ ಇರುವುದೇ ತೊಟ್ಟಿನ ಕಡೆ, ಸಿಪ್ಪೆಯ ಕೆಳಗೆ. ಆ ತುಂಡು ಬಿಸಾಡಿದ್ದೇ ಸಾಕು. ಆದರೂ ನಾನು ತಿಕ್ಕುತ್ತೇನೆ, ಕೈ ಕೇಳುವುದಿಲ್ಲ. ಬೇಸಿಗೆಯಲ್ಲಿ ಬುಡ ಒಣಗಿದರೆ ಕಹಿ ಹೆಚ್ಚುತ್ತದೆ. ಬುಡಕ್ಕೆ ದರಗು, ಅಂದರೆ ಒಣಗಿದ ಎಲೆ, ಮುಚ್ಚಿ, ತಪ್ಪದೆ ನೀರು ಕೊಡಿ. ತಾರಸಿಯವರು ಇಪ್ಪತ್ತು ಲೀಟರ್ ಹಿಡಿಯುವ ಕುಂಡಕ್ಕೆ ಒಂದೇ ಬಳ್ಳಿ ಬಿಡಿ, ಆಸೆ ಬೇಡ.

ಆ ಹಳದಿ ಕಾಯಿ ಏನಾಯಿತು ಅಂದಿರಾ? ನಾನು ದನಕ್ಕೆ ಹಾಕಲು ಹೊರಟಿದ್ದೆ. ಅಜ್ಜಿ ಕಸಿದುಕೊಂಡರು. ಒಂದು ವಾರ ಅಟ್ಟದ ಮೇಲಿಟ್ಟು, ಬೀಜ ತೆಗೆದು ತೊಳೆದು, ಬೂದಿಯಲ್ಲಿ ಹೊರಳಿಸಿ ಗೋಡೆಗೆ ಮೆತ್ತಲು ಬಂದರು. "ಅಜ್ಜಿ, ಮೊನ್ನೆಯಷ್ಟೇ ಬಣ್ಣ ಹೊಡೆಸಿದ್ದು" ಅಂದೆ. ಮುಖ ಸಿಂಡರಿಸಿ ಕೊಟ್ಟಿಗೆ ಗೋಡೆಗೆ ಮೆತ್ತಿ ಹೋದರು. ಈ ಸಲ ಮೇ ಕೊನೆಯಲ್ಲಿ, ಮೊದಲ ಮಳೆ ಬಿದ್ದ ಮಾರನೇ ದಿನ ಕೆರೆದು ತೆಗೆದೆ. ಹದಿನೆಂಟು ಬಿತ್ತಿದ್ದೆ, ಹದಿನೈದು ಎದ್ದಿವೆ. ನಾಲ್ಕು ಸಸಿ ಅಜ್ಜಿಯ ಹಿತ್ತಲಿಗೆ ಹೋಗಿವೆ.

ನಮಸ್ಕಾರ.