ಕೇಳುವ ಗಂಟೆಗಳ ಲೆಕ್ಕ: ಮಕ್ಕಳ ಕಾಕ್ಲಿಯರ್ ಇಂಪ್ಲಾಂಟ್ ಮತ್ತು ಬ್ಯಾಟರಿಯ ಖರ್ಚು

ಪೋಷಕ ಬಂಧುಗಳೇ, ನಮ್ಮ ಮಕ್ಕಳಿಗೆ ಮಾತು ಕಲಿಸುತ್ತಿರುವ ಶಿಕ್ಷಕರೇ,

ನನ್ನ ಮಗಳಿಗೆ ಎರಡೂವರೆ ವರ್ಷವಾಗಿದ್ದಾಗ, ಕಿವಿ ಕೇಳದವರ ಶ್ರವಣ ನರಕ್ಕೆ ವಿದ್ಯುತ್ ಸಂಕೇತದ ಮೂಲಕ ಶಬ್ದ ಮುಟ್ಟಿಸುವ ಕಾಕ್ಲಿಯರ್ ಇಂಪ್ಲಾಂಟಿನ ಶಸ್ತ್ರಚಿಕಿತ್ಸೆಯಾಯಿತು. ಅದರ ಹೊರಭಾಗವಾದ, ಕಿವಿಯ ಹಿಂದೆ ಧರಿಸುವ ಪ್ರೊಸೆಸರ್ ಹಾಕಿ ಇನ್ನೂ ವರ್ಷ ತುಂಬಿರಲಿಲ್ಲ. ಒಂದು ಸಂಜೆ ಅವಳು ಅಡುಗೆಮನೆಯ ಹೊಸ್ತಿಲ ಬಳಿ ಕುಳಿತು ಆಡುತ್ತಿದ್ದಳು. ನನ್ನ ಹೆಂಡತಿ ನಾಲ್ಕು ಸಲ ಹೆಸರು ಹಿಡಿದು ಕರೆದರೂ ತಿರುಗಿ ನೋಡಲಿಲ್ಲ. ಹಟ ಮಾಡುತ್ತಿದ್ದಾಳೆಂದು ಭಾವಿಸಿ ನಾನು ಗದರಿದೆ. ರಾತ್ರಿ ಮಷಿನ್ ಬಿಚ್ಚುವಾಗ ಬ್ಯಾಟರಿ ಸಂಪೂರ್ಣ ಖಾಲಿಯಾಗಿರುವುದು ಕಂಡಿತು. ಎಷ್ಟು ಹೊತ್ತಿನಿಂದ ಖಾಲಿಯಾಗಿತ್ತೋ ತಿಳಿಯದು. ದೊಡ್ಡವರಾದರೆ ‘ಕೇಳಿಸುತ್ತಿಲ್ಲ’ ಎಂದು ಹೇಳುತ್ತಾರೆ. ಹಾಗೆ ಹೇಳಲು ಬೇಕಾದ ಮಾತನ್ನೇ ಆ ಮಗು ಇನ್ನೂ ಕಲಿಯುತ್ತಿತ್ತು. ಆ ದಿನದ ನನ್ನ ಗದರಿಕೆ ಇಂದಿಗೂ ನನ್ನನ್ನು ಚುಚ್ಚುತ್ತದೆ. ಬ್ಯಾಟರಿಯ ಬಗ್ಗೆ ಇಷ್ಟು ದೀರ್ಘವಾಗಿ ಮಾತನಾಡಲು ನಾನು ಒಪ್ಪಿಕೊಂಡದ್ದಕ್ಕೂ ಅದೇ ಕಾರಣ.

ನಾನು ವೈದ್ಯನಲ್ಲ. ಪಾಲಿಟೆಕ್ನಿಕ್ ಒಂದರಲ್ಲಿ ಎಲೆಕ್ಟ್ರಿಕಲ್ ವಿಭಾಗದಲ್ಲಿ ಪಾಠ ಹೇಳುತ್ತೇನೆ. ಹೀಗಾಗಿ ಶಸ್ತ್ರಚಿಕಿತ್ಸೆ ಮತ್ತು ಮ್ಯಾಪಿಂಗ್, ಅಂದರೆ ಮಗುವಿಗೆ ತಕ್ಕಂತೆ ಪ್ರೊಸೆಸರನ್ನು ಹೊಂದಿಸುವ ವಿಷಯವನ್ನು ತಜ್ಞರಿಗೆ ಬಿಟ್ಟು, ನನಗೆ ತಿಳಿದಿರುವ ಕರೆಂಟು, ವೋಲ್ಟೇಜು ಮತ್ತು ಮನೆಯ ಖರ್ಚಿನ ಲೆಕ್ಕವನ್ನು ಮಾತ್ರ ಹೇಳುತ್ತೇನೆ.

ಅನೇಕ ತಾಯಂದಿರು ನನ್ನನ್ನು ಕೇಳಿರುವ ಒಂದು ಪ್ರಶ್ನೆಗೆ ಮೊದಲು ಉತ್ತರಿಸಬೇಕು: ತಲೆಯೊಳಗೆ ಇಟ್ಟಿರುವ ಭಾಗದ ಬ್ಯಾಟರಿ ಮುಗಿದರೆ ಮತ್ತೆ ಆಪರೇಷನ್ ಮಾಡಿಸಬೇಕೇ? ಬೇಕಿಲ್ಲ. ಇಂದು ನಮ್ಮ ಮಕ್ಕಳಿಗೆ ಅಳವಡಿಸುವ ಇಂಪ್ಲಾಂಟುಗಳ ಒಳಭಾಗದಲ್ಲಿ ಬ್ಯಾಟರಿ ಇರುವುದಿಲ್ಲ. ಕಿವಿಯ ಹಿಂದಿರುವ ಪ್ರೊಸೆಸರ್ ಶಬ್ದವನ್ನು ಸಂಕೇತವಾಗಿ ಮಾರ್ಪಡಿಸಿ ಕಾಯಿಲ್‌ಗೆ ಕಳಿಸುತ್ತದೆ, ತಲೆಗೆ ಅಂಟಿಕೊಂಡಿರುವ ಆ ಕಾಯಿಲ್ ಚರ್ಮದ ಮೂಲಕ ರೇಡಿಯೊ ತರಂಗಗಳಲ್ಲಿ ಸಂಕೇತದ ಜೊತೆಗೆ ಒಳಭಾಗಕ್ಕೆ ಬೇಕಾದ ವಿದ್ಯುತ್ತನ್ನೂ ದಾಟಿಸುತ್ತದೆ. ಮೈಕ್, ಪ್ರೊಸೆಸರ್, ಚರ್ಮದಾಚೆ ಒಳಕಿವಿಯ ನರವನ್ನು ಪ್ರಚೋದಿಸುವ ಎಲೆಕ್ಟ್ರೋಡು ಎಲ್ಲವೂ ಹೊರಗಿನ ಈ ಪುಟ್ಟ ಬ್ಯಾಟರಿಯಿಂದಲೇ ನಡೆಯಬೇಕು. ಸಾಮಾನ್ಯ ಶ್ರವಣ ಸಾಧನಕ್ಕಿಂತ ಇಂಪ್ಲಾಂಟು ಎಷ್ಟೋ ಪಟ್ಟು ಹೆಚ್ಚು ಕರೆಂಟು ಎಳೆಯಲು ಇದೇ ಕಾರಣ. ಚರ್ಮ ಎಷ್ಟು ದಪ್ಪವಿದೆ, ಮ್ಯಾಪ್‌ನಲ್ಲಿ ಪ್ರಚೋದನೆಯ ಮಟ್ಟವನ್ನು ಎಷ್ಟಕ್ಕೆ ಇಟ್ಟಿದ್ದಾರೆ ಎಂಬುದರ ಮೇಲೆ ಬಳಕೆ ಹೆಚ್ಚುಕಡಿಮೆಯಾಗುತ್ತದೆ. ಆದ್ದರಿಂದ ಪಕ್ಕದ ಮನೆಯ ಮಗುವಿಗೆ ಮೂರು ದಿನ ಬರುವ ಬ್ಯಾಟರಿ ನಮ್ಮ ಮಗುವಿಗೆ ಒಂದೂವರೆ ದಿನಕ್ಕೇ ಮುಗಿದರೆ ಅದನ್ನು ಮೋಸವೆಂದು ತಿಳಿಯಬೇಕಾಗಿಲ್ಲ. ಮುಂದಿನ ಮ್ಯಾಪಿಂಗ್ ವೇಳೆ ಅದನ್ನು ಆಡಿಯಾಲಜಿಸ್ಟರ (ಶ್ರವಣ ತಜ್ಞರ) ಗಮನಕ್ಕೆ ತನ್ನಿ.

ಬಳಸಿ ಎಸೆಯುವ ಬ್ಯಾಟರಿಯೆಂದರೆ 675 ಅಳತೆಯ ಜಿಂಕ್-ಏರ್ ಬಟನ್ ಸೆಲ್. ಕಿವಿಯ ಹಿಂದೆ ಹಾಕುವ ಬಹುತೇಕ ಪ್ರೊಸೆಸರುಗಳಿಗೆ ಎರಡು ಸೆಲ್ ಬೇಕು. ಅಂಗಡಿಯಲ್ಲಿ ಒಂದೇ ಅಳತೆಯ ಎರಡು ಬಗೆಗಳು ಸಿಗುತ್ತವೆ. ಒಂದು ಶ್ರವಣ ಸಾಧನಕ್ಕೆ, ಮತ್ತೊಂದು ಹೆಚ್ಚು ಕರೆಂಟು ಕೊಡುವಂತೆ ತಯಾರಾದ ಇಂಪ್ಲಾಂಟಿನ ಸೆಲ್. ಮೊದಲನೆಯದನ್ನು ಹಾಕಿದರೆ ಪ್ರೊಸೆಸರ್ ನಡುನಡುವೆ ನಿಂತುಹೋಗುತ್ತದೆ. ಇದಕ್ಕಿಂತ ದೊಡ್ಡ ಬಲೆ ಎಲ್‌ಆರ್44 ಎಂಬ ಆಲ್ಕಲೈನ್ ಸೆಲ್. ಅದರ ವ್ಯಾಸವೂ 11.6 ಮಿಲಿಮೀಟರ್, ಎತ್ತರವೂ 5.4 ಮಿಲಿಮೀಟರ್, ಥೇಟ್ 675ರ ಹಾಗೆಯೇ. ಕೈಗಡಿಯಾರದ ಅಂಗಡಿಯವರು ‘ಇದೂ ಅದೇ, ಕೂರುತ್ತದೆ’ ಎಂದು ಕೊಡುತ್ತಾರೆ. ಅದು ನಿಜಕ್ಕೂ ಕೂರುತ್ತದೆ. ಆದರೆ 675 ಜಿಂಕ್-ಏರ್‌ನಲ್ಲಿ ಸುಮಾರು 600 ಮಿಲಿಆಂಪ್ ಅವರ್ ಶಕ್ತಿ ಇದ್ದರೆ, ಎಲ್‌ಆರ್44ರಲ್ಲಿ ಅದರ ನಾಲ್ಕನೇ ಒಂದು ಭಾಗವಷ್ಟೂ ಇರುವುದು ಕಷ್ಟ. ನಾನು ಲ್ಯಾಬಿನಲ್ಲಿ ಪ್ರೊಸೆಸರಿನಷ್ಟೇ ಕರೆಂಟು ಎಳೆಯುವ ರೆಸಿಸ್ಟರ್ ಜೋಡಿಸಿ ನೋಡಿದಾಗ ಒಂದು ಜೊತೆ ಅರ್ಧ ದಿನವೂ ಬಾಳಲಿಲ್ಲ.

ಬೆಲೆಯನ್ನು ಸೆಲ್‌ಗೆ ಇಷ್ಟು ಎಂದು ನೋಡುವುದನ್ನು ಬಿಟ್ಟು, ಮಗು ಕೇಳಿದ ಒಂದು ಗಂಟೆಗೆ ಇಷ್ಟು ಎಂದು ನೋಡಬೇಕು ಎಂಬುದೇ ನಾನು ಇಂದು ಹೇಳಲು ಬಂದಿರುವ ಮಾತು. ಊರಿಂದೂರಿಗೆ ದರ ಬೇರೆಯಾದ್ದರಿಂದ, ನಾನು ಹೇಳುವ ಅಂಕಿಗಳನ್ನು ಲೆಕ್ಕದ ಅನುಕೂಲಕ್ಕೆ ಹಿಡಿದವು ಎಂದು ತಿಳಿದು, ಅವುಗಳ ಜಾಗದಲ್ಲಿ ನಿಮ್ಮ ಬಿಲ್ಲಿನ ಅಂಕಿ ಹಾಕಿಕೊಳ್ಳಿ. ಒಂದು ಕಿವಿ, ದಿನಕ್ಕೆ 12 ಗಂಟೆ ಬಳಕೆ, ಒಂದು ಜೊತೆ ಸೆಲ್ ಎರಡು ದಿನ ಬರುತ್ತದೆ ಎನ್ನೋಣ. ಆಗ ವರ್ಷಕ್ಕೆ 365 ಸೆಲ್ ಬೇಕು. ಸೆಲ್ ಒಂದಕ್ಕೆ 60 ರೂಪಾಯಿ ಎಂದರೆ 21,900 ರೂಪಾಯಿ. ಮಗು ಕೇಳಿದ ಒಟ್ಟು ಸಮಯ 4,380 ಗಂಟೆಗಳು. ಗಂಟೆಗೆ ಐದು ರೂಪಾಯಿ ಬಿತ್ತು. ಎಲ್‌ಆರ್44 ಸೆಲ್ ಒಂದಕ್ಕೆ 20 ರೂಪಾಯಿಯೇ ಇರಬಹುದು, ಆದರೆ ಜೊತೆ ನಾಲ್ಕು ಗಂಟೆ ಬಂದರೆ ಗಂಟೆಗೆ ಹತ್ತು ರೂಪಾಯಿ ಆಗುತ್ತದೆ. ಸೋವಿಯೆಂದು ತಂದದ್ದು ಎರಡು ಪಟ್ಟು ದುಬಾರಿಯಾಯಿತು, ಮೇಲಾಗಿ ತರಗತಿಯ ನಡುವೆ ಮಗು ಮೌನಕ್ಕೆ ಬಿತ್ತು.

ಇದೇ ಅಳತೆಗೋಲನ್ನು ರೀಚಾರ್ಜಬಲ್ ಬ್ಯಾಟರಿಗೆ ಹಿಡಿಯೋಣ. ತಯಾರಕರೇ ಕೊಡುವ ಲಿಥಿಯಂ-ಅಯಾನ್ ಪ್ಯಾಕ್ ನೋಡಿ ಹೆಚ್ಚಿನವರು ಬೆಚ್ಚಿಬೀಳುತ್ತಾರೆ. ಒಂದಕ್ಕೆ 12,000 ರೂಪಾಯಿ ಎಂದಿಟ್ಟುಕೊಳ್ಳಿ. ದಿನ ಬಿಟ್ಟು ದಿನ ಬದಲಾಯಿಸಲು ಎರಡು ಬೇಕು, ಅಂದರೆ 24,000. ಆ ಎರಡೂ ಎರಡು ವರ್ಷ ಬಾಳಿದರೆ ಗಂಟೆಗೆ ಸುಮಾರು ಎರಡು ಮುಕ್ಕಾಲು ರೂಪಾಯಿ. ಒಂದೇ ವರ್ಷಕ್ಕೆ ಸೊರಗಿದರೆ ಐದೂವರೆ ರೂಪಾಯಿ, ಎಂದರೆ ಎಸೆಯುವ ಸೆಲ್‌ಗಿಂತಲೂ ಹೆಚ್ಚು. ಹೀಗಾಗಿ ರೀಚಾರ್ಜಬಲ್ ಪ್ಯಾಕ್ ಅಗ್ಗವೋ ದುಬಾರಿಯೋ ಎಂಬುದು ಅದರ ಆಯುಸ್ಸಿನಿಂದ ತೀರ್ಮಾನವಾಗುತ್ತದೆ, ಆ ಆಯುಸ್ಸು ಬಹುಮಟ್ಟಿಗೆ ನಮ್ಮ ಕೈಯಲ್ಲಿದೆ. ಲಿಥಿಯಂ ಬ್ಯಾಟರಿಗೆ ಶಾಖ ಶತ್ರು. ಬಿಸಿಲಲ್ಲಿ ನಿಂತ ಕಾರು, ಒಲೆಯ ಪಕ್ಕದ ಕಟ್ಟೆ, ಟಿವಿಯ ಮೇಲ್ಭಾಗ, ಇವು ಚಾರ್ಜರ್ ಇಡುವ ಜಾಗಗಳಲ್ಲ. ಬಳಸದೆ ಬೀರುವಿನಲ್ಲಿ ಇಟ್ಟರೂ ಅದಕ್ಕೆ ವಯಸ್ಸಾಗುತ್ತದೆ. ಆದ್ದರಿಂದ ‘ಮುಂದಕ್ಕೆ ಇರಲಿ’ ಎಂದು ಮೂರು ನಾಲ್ಕು ಪ್ಯಾಕ್ ಒಟ್ಟಿಗೆ ಕೊಂಡಿಡುವುದು ಹಣವನ್ನು ಕರಗಿಸಿದಂತೆ. ಕೊಳ್ಳುವಾಗ ವಾರಂಟಿ ಎಷ್ಟು ತಿಂಗಳು ಎಂದು ಬರೆಸಿಕೊಳ್ಳಿ, ಪ್ಯಾಕಿನ ಮೇಲೆ ಕೊಂಡ ದಿನಾಂಕ ಬರೆದು ಅಂಟಿಸಿ, ವಾರಂಟಿ ಮುಗಿಯುವ ತಿಂಗಳಿಗೆ ಮುಂಚೆ ಅದು ಎಷ್ಟು ಗಂಟೆ ಬರುತ್ತಿದೆ ಎಂದು ಗಡಿಯಾರ ಹಿಡಿದು ನೋಡಿ.

ಬಟನ್ ಸೆಲ್‌ನ ರೂಪದಲ್ಲೇ ರೀಚಾರ್ಜ್ ಮಾಡಬಹುದಾದ 675 ನಿಕಲ್ ಸೆಲ್‌ಗಳು ಇವೆಯಲ್ಲ ಎಂದು ಕೆಲವರು ಕೇಳುತ್ತಾರೆ. ಇವೆ. ಆಫ್ರಿಕಾದ ಬೋಟ್ಸ್ವಾನಾ ದೇಶದಲ್ಲಿ ಕಿವುಡ ಯುವಜನರೇ ಸೇರಿ ಅಂಥ ಸೆಲ್‌ಗಳಿಗೆ ‘ಸೋಲಾರ್ ಇಯರ್’ ಎಂಬ ಸೌರ ಚಾರ್ಜರ್ ತಯಾರಿಸಿದ್ದಾರೆ, ಅದು ನಾನು ಬಹಳ ಮೆಚ್ಚುವ ಕೆಲಸ. ಆದರೆ ಅದು ಶ್ರವಣ ಸಾಧನಕ್ಕೆ ಹೇಳಿದ್ದು. ಆ ನಿಕಲ್ ಸೆಲ್‌ಗಳಲ್ಲಿ ಹಿಡಿಯುವುದು ಹತ್ತಾರು ಮಿಲಿಆಂಪ್ ಅವರ್ ಮಾತ್ರ. ಇಂಪ್ಲಾಂಟ್ ಅದನ್ನು ಕೆಲವೇ ಗಂಟೆಗಳಲ್ಲಿ ಹೀರಿಬಿಡುತ್ತದೆ.

ನಿಜವಾದ ಉಳಿತಾಯ ಇರುವುದು ಬೇರೊಂದು ಕಡೆ. ಕೆಲವು ಮಾದರಿಗಳಿಗೆ ಸಾಮಾನ್ಯ ಎಎಎ ಸೆಲ್ ಹಾಕುವ ಪೆಟ್ಟಿಗೆಯನ್ನು ತಯಾರಕರೇ ಕೊಡುತ್ತಾರೆ. ಅಡ್ವಾನ್ಸ್ಡ್ ಬಯೋನಿಕ್ಸ್ ಕಂಪನಿಯ ನೈಡಾ ಸರಣಿಗೆ ಇಂಥದೊಂದು ಪವರ್‌ಪ್ಯಾಕ್ ಬಂದಿತ್ತು. ಪೆಟ್ಟಿಗೆಯನ್ನು ಅಂಗಿಗೆ ಸಿಕ್ಕಿಸಿ ಕೇಬಲ್ ಮೂಲಕ ಪ್ರೊಸೆಸರಿಗೆ ಜೋಡಿಸುವುದರಿಂದ ಚಿಕ್ಕ ಮಗುವಿನ ಕಿವಿಯ ಮೇಲಿನ ಭಾರವೂ ಇಳಿಯುತ್ತದೆ. ಇದರಲ್ಲಿ ಹಾಕಬೇಕಾದದ್ದು ಯಾವುದೇ ಊರಿನ ಅಂಗಡಿಯಲ್ಲಿ ಸಿಗುವ ನಿಕಲ್-ಮೆಟಲ್ ಹೈಡ್ರೈಡ್ ರೀಚಾರ್ಜಬಲ್ ಸೆಲ್. 2005ರಲ್ಲಿ ಸಾನ್ಯೊ ಕಂಪನಿ ಎನೆಲೂಪ್ ಹೆಸರಿನಲ್ಲಿ ಸುಮ್ಮನಿಟ್ಟರೂ ಚಾರ್ಜ್ ಬೇಗ ಸೋರಿಹೋಗದ ಸೆಲ್‌ಗಳನ್ನು ತಂದ ಮೇಲೆ ಈ ಬಗೆಯ ಸೆಲ್ ನಂಬಿಕೆಗೆ ಅರ್ಹವಾಯಿತು. ಈಗ ಬೇರೆ ಕಂಪನಿಗಳೂ ಅಂಥವನ್ನು ಮಾಡುತ್ತಿವೆ. ನಾಲ್ಕು ಸೆಲ್‌ಗೆ 1,200 ರೂಪಾಯಿ, ಒಳ್ಳೆಯ ಚಾರ್ಜರ್‌ಗೆ 1,500 ರೂಪಾಯಿ ಎಂದು ಹಿಡಿದು, ಎರಡು ವರ್ಷಕ್ಕೆ ಎಲ್ಲವನ್ನೂ ಬದಲಿಸಿದರೂ ಗಂಟೆಗೆ ಮೂವತ್ತು ಪೈಸೆ! ಪೆಟ್ಟಿಗೆ ಮತ್ತು ಕೇಬಲ್‌ನ ಬೆಲೆ ಬೇರೆ. ಕೇಬಲ್ ಬುಡದಲ್ಲಿ ತುಂಡಾಗುವುದುಂಟು, ಆದ್ದರಿಂದ ಒಂದು ಹೆಚ್ಚಿನ ಕೇಬಲ್ ಇಟ್ಟುಕೊಳ್ಳಬೇಕು. ಅದನ್ನೆಲ್ಲ ಸೇರಿಸಿದರೂ ಕೆಲವು ವರ್ಷಗಳ ಲೆಕ್ಕದಲ್ಲಿ ಇದಕ್ಕಿಂತ ಅಗ್ಗದ ದಾರಿಯನ್ನು ನಾನು ಕಂಡಿಲ್ಲ. ಆದರೆ ಎಲ್ಲ ಪ್ರೊಸೆಸರುಗಳಿಗೂ ಈ ದಾರಿ ಇಲ್ಲ, ಇದೆಯೋ ಇಲ್ಲವೋ ಎಂಬುದು ಸಾಧನವನ್ನು ಆರಿಸಿದ ದಿನವೇ ತೀರ್ಮಾನವಾಗಿಬಿಟ್ಟಿರುತ್ತದೆ. ನಮ್ಮ ಶಸ್ತ್ರಚಿಕಿತ್ಸೆಯ ಹಿಂದಿನ ದಿನ ಮೂರು ಮಾದರಿಗಳ ಹೊಳೆಯುವ ಚಿತ್ರಪುಟಗಳನ್ನು ತೋರಿಸಿದರು. ಬಣ್ಣ ಯಾವುದು ಬೇಕೆಂದು ಕೇಳಿದರು. ಬ್ಯಾಟರಿಯ ಬಗ್ಗೆ ಯಾರೂ ಒಂದು ಮಾತು ಆಡಲಿಲ್ಲ, ಕೇಳಬೇಕೆಂದು ನಮಗೂ ಹೊಳೆಯಲಿಲ್ಲ. ಬ್ಯಾಟರಿಯನ್ನು ಒಳಗೇ ಮುಚ್ಚಿಟ್ಟು ಬರುವ, ತಲೆಗೆ ಅಂಟಿಕೊಳ್ಳುವ ಗುಂಡನೆಯ ಪ್ರೊಸೆಸರುಗಳೂ ಈಗ ಇವೆ. ನೋಡಲು ಅಂದ, ತಂತಿಯ ತಾಪತ್ರಯವಿಲ್ಲ. ಆದರೆ ಆ ಬ್ಯಾಟರಿ ಸೊರಗಿದರೆ ಪ್ರೊಸೆಸರನ್ನೇ ಸರ್ವಿಸ್ ಸೆಂಟರಿಗೆ ಕಳಿಸಬೇಕು, ಅಷ್ಟು ದಿನ ಮಗುವಿಗೆ ಬದಲಿ ಸಾಧನ ಕೊಡುತ್ತಾರೆಯೇ ಎಂದು ಮೊದಲೇ ಕೇಳಿಕೊಳ್ಳಬೇಕು.

ಹಳೆಯ ಪ್ಯಾಕಿನ ಒಳಗಿನ ಸೆಲ್ ಮಾತ್ರ ಬದಲಿಸಿದರೆ ಸಾಲದೇ ಎಂಬ ಆಸೆ ನನಗೂ ಇತ್ತು. ಬೆಂಗಳೂರಿನ ಎಸ್‌.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಒಂದು ಇಡೀ ದಿನ ಅಲೆದೆ. ಕೊನೆಗೆ ಮೊಬೈಲ್ ಬ್ಯಾಟರಿಗಳ ಕೆಲಸದಲ್ಲಿ ನುರಿತ ಒಬ್ಬ ಹಿರಿಯರು ಪ್ಯಾಕನ್ನು ತಿರುಗಿಸಿ ನೋಡಿ, ‘ಸಾರ್, ಇದು ಎಲ್ಲಿ ಇಡೋದು?’ ಎಂದು ಕೇಳಿದರು. ಮಗಳ ಕಿವಿಯ ಹಿಂದೆ ಎಂದೆ. ‘ಹಾಗಾದ್ರೆ ನಾನು ಮಾಡಿಕೊಡಲ್ಲ’ ಎಂದು ಹಿಂದಿರುಗಿಸಿದರು. ಅವರಿಗೆ ನಾನು ಋಣಿ. ಪ್ಯಾಕಿನೊಳಗೆ ಅತಿಚಾರ್ಜನ್ನೂ ಶಾರ್ಟನ್ನೂ ತಡೆಯುವ ಸರ್ಕ್ಯೂಟ್ ಇರುತ್ತದೆ. ಬೆಸುಗೆಯ ಶಾಖಕ್ಕೆ ಅದು ಹಾಳಾದರೆ, ಪೂರ್ತಿ ಚಾರ್ಜ್ ಆದಾಗ 4.2 ವೋಲ್ಟ್ ಮುಟ್ಟುವ ಲಿಥಿಯಂ ಸೆಲ್ ಒಂದು ಮಗುವಿನ ತಲೆಗೆ ಅಂಟಿಕೊಂಡಿರುತ್ತದೆ. ಈ ಒಂದು ವಿಷಯದಲ್ಲಿ ಉಳಿತಾಯದ ಮಾತು ಬೇಡವೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಜಿಂಕ್-ಏರ್ ಬಳಸುವವರಿಗೂ ಕೆಲವು ಮಾತುಗಳಿವೆ. ಈ ಸೆಲ್ ಗಾಳಿಯ ಆಮ್ಲಜನಕದಿಂದ ಕೆಲಸ ಮಾಡುತ್ತದೆ. ಸ್ಟಿಕ್ಕರ್ ಕಿತ್ತ ಕ್ಷಣದಿಂದ ಅದರ ಆಯುಸ್ಸು ಖರ್ಚಾಗತೊಡಗುತ್ತದೆ, ಮತ್ತೆ ಅಂಟಿಸಿದರೆ ನಿಲ್ಲುವುದಿಲ್ಲ. ಕಿತ್ತ ಮೇಲೆ ಐದು ನಿಮಿಷ ಗಾಳಿಗೆ ಬಿಟ್ಟು ಹಾಕಿದರೆ ಪೂರ್ಣ ಶಕ್ತಿ ದೊರೆಯುತ್ತದೆ. ರಾಯಚೂರು, ಕಲಬುರಗಿಯ ಬೇಸಿಗೆಯ ಒಣ ಗಾಳಿ ಸೆಲ್‌ನೊಳಗಿನ ತೇವವನ್ನು ಹೀರುತ್ತದೆ. ಮಂಗಳೂರು, ಉಡುಪಿಯ ಮಳೆಗಾಲ ಅದಕ್ಕೆ ತೇವವನ್ನು ತುಂಬುತ್ತದೆ. ಎರಡರಿಂದಲೂ ಆಯುಸ್ಸು ಕುಗ್ಗುತ್ತದೆ. ರಾತ್ರಿ ಪ್ರೊಸೆಸರನ್ನು ಒಣಗಿಸುವ ಡಬ್ಬಿಗೆ ಹಾಕುವಾಗ ಈ ಸೆಲ್‌ಗಳನ್ನು ಹೊರಗೆ ತೆಗೆದಿಡಿ. ಫ್ರಿಜ್‌ನಲ್ಲಿಡಬೇಡಿ. ಬಳಸಿದ ಸೆಲ್‌ಗಳನ್ನು ಮಕ್ಕಳ ಕೈಗೆ ಸಿಗದಂತೆ ಮುಚ್ಚಳದ ಡಬ್ಬಿಯಲ್ಲಿಡಿ. ಮಗು ಬಟನ್ ಸೆಲ್ ನುಂಗಿದೆಯೆಂಬ ಅನುಮಾನ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಓಡಬೇಕು. ಜಿಂಕ್-ಏರ್ ಸೆಲ್‌ಗಳು ಆರು ಸೆಲ್‌ನ ಕಾರ್ಡಿನಲ್ಲಿ, ಹತ್ತು ಕಾರ್ಡಿನ ಡಬ್ಬಿಯಲ್ಲಿ ಬರುತ್ತವೆ. ಐದಾರು ಕುಟುಂಬಗಳು ಸೇರಿ ಸಗಟು ದರದಲ್ಲಿ ಡಬ್ಬಿಗಳನ್ನು ತರಿಸಿ, ಅವಧಿ ಮುಗಿಯುವ ದಿನಾಂಕ ನೋಡಿ ಹಂಚಿಕೊಳ್ಳುವುದು ನಮ್ಮಲ್ಲಿ ಚೆನ್ನಾಗಿ ನಡೆದಿದೆ.

ಇನ್ನು ಸರ್ಕಾರದ ವಿಷಯ. ಅಂಗವಿಕಲರಿಗೆ ಸಾಧನ ಒದಗಿಸುವ ಕೇಂದ್ರದ ಎಡಿಪ್ ಯೋಜನೆಯಲ್ಲಿ 2014ರಲ್ಲಿ ಒಂದು ಮಗುವಿನ ಇಂಪ್ಲಾಂಟಿಗೆ 6 ಲಕ್ಷ ರೂಪಾಯಿವರೆಗಿನ ನೆರವು ಶುರುವಾಯಿತು. ನಮ್ಮ ರಾಜ್ಯದಲ್ಲಿ ಶ್ರವಣ ಸಂಜೀವಿನಿ ಯೋಜನೆ ಬಂದಿದೆ. ಇವುಗಳಿಂದ ಕೂಲಿ ಮಾಡುವವರ ಮಕ್ಕಳೂ ಕೇಳುವಂತಾಗಿದ್ದಾರೆ, ಅದು ಸಣ್ಣ ಮಾತಲ್ಲ. ಆದರೆ ಲಕ್ಷಗಟ್ಟಲೆ ಹಣ ತೊಡಗಿಸಿದ ಸಾಧನ ವರ್ಷಕ್ಕೆ ಇಪ್ಪತ್ತು ಸಾವಿರದ ಬ್ಯಾಟರಿಯಿಲ್ಲದೆ ಬೀರು ಸೇರಿರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಂದು ಮನೆಯಲ್ಲಿ ತಾಯಿ ಶಾಲೆಯ ವೇಳೆಗೆ ಮಾತ್ರ ಮಷಿನ್ ಹಾಕಿ, ಮನೆಗೆ ಬಂದೊಡನೆ ಬಿಚ್ಚಿಡುತ್ತಿದ್ದರು. ಮಗು ಅಜ್ಜಿಯ ಮಾತು, ಅಡುಗೆಮನೆಯ ಮಾತು, ಜಗಳ, ನಗು ಯಾವುದನ್ನೂ ಕೇಳದೆ ಪಾಠವನ್ನು ಮಾತ್ರ ಕೇಳುತ್ತಿತ್ತು. ಕನ್ನಡವನ್ನು ಯಾವ ಮಗುವೂ ಹಾಗೆ ಕಲಿಯಲಾರದು. ನೆರೆಯ ಕೇರಳ ತನ್ನ ಶ್ರುತಿತರಂಗಂ ಯೋಜನೆಯಲ್ಲಿ ಪ್ರೊಸೆಸರಿನ ದುರಸ್ತಿಗೂ ಬದಲಾವಣೆಗೂ ಹಣ ಒದಗಿಸುವ ದಾರಿ ಮಾಡಿಕೊಂಡಿದೆ. ಬ್ಯಾಟರಿಯನ್ನು ಇಂಪ್ಲಾಂಟಿನ ಭಾಗವೆಂದೇ ಎಣಿಸಿ ವರ್ಷವರ್ಷವೂ ನೆರವು ಕೊಡಬೇಕೆಂದು ನಾವೂ ಒಟ್ಟಾಗಿ ಕೇಳಬೇಕು. ಅದು ಬರುವ ತನಕ ಹತ್ತಿರದ ಬಾಗಿಲೊಂದಿದೆ. ಗ್ರಾಮ ಪಂಚಾಯಿತಿಗಳು ತಮ್ಮ ನಿಧಿಯಲ್ಲಿ ಶೇಕಡಾ 5ರಷ್ಟನ್ನು ಅಂಗವಿಕಲರ ಕಲ್ಯಾಣಕ್ಕೆ ಮೀಸಲಿಡಬೇಕು. ನಿಮ್ಮ ಊರಿನ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕಂಡು, ಮಗುವಿನ ಯುಡಿಐಡಿ ಕಾರ್ಡಿನ (ಅಂಗವಿಕಲರ ಗುರುತಿನ ಚೀಟಿಯ) ಪ್ರತಿ, ಆಡಿಯಾಲಜಿಸ್ಟರ ಪತ್ರ, ಬ್ಯಾಟರಿಯ ದರಪಟ್ಟಿ ಇಟ್ಟು ಅರ್ಜಿ ಕೊಡಿ. ಅರ್ಜಿಯಲ್ಲಿ ‘ಸಹಾಯಧನ’ ಎಂದಷ್ಟೇ ಬರೆಯದೆ, ವರ್ಷಕ್ಕೆ ಎಷ್ಟು ಸೆಲ್, ಎಷ್ಟು ರೂಪಾಯಿ ಎಂದು ಲೆಕ್ಕವನ್ನೇ ಬರೆಯಿರಿ. ಸ್ಪಷ್ಟವಾದ ಅಂಕಿ ಇದ್ದ ಅರ್ಜಿಯನ್ನು ಬದಿಗಿಡುವುದು ಕಷ್ಟ.

ಈಗ ನನ್ನ ಮಗಳಿಗೆ ಹತ್ತು ವರ್ಷ. ಬೆಳಿಗ್ಗೆ ಮಷಿನ್ ಹಾಕಿದೊಡನೆ ಬಾಯಿ ಕಾಣದಂತೆ ಕೈ ಅಡ್ಡ ಹಿಡಿದು ಆ, ಊ, ಈ, ಶ್, ಸ್, ಮ್ ಎಂಬ ಆರು ಧ್ವನಿಗಳನ್ನು ಹೇಳುತ್ತೇವೆ. ಅವಳು ತಿರುಗಿ ಹೇಳಬೇಕು. ನಿಮ್ಮ ಚಿಕಿತ್ಸಕರು ಇದನ್ನು ಕಲಿಸಿಯೇ ಇರುತ್ತಾರೆ, ಬ್ಯಾಟರಿಯ ಪರೀಕ್ಷೆಯೂ ಇದರಲ್ಲೇ ಆಗುತ್ತದೆ. ಅರ್ಧ ನಿಮಿಷದ ಕೆಲಸ. ಅವಳ ಶಾಲಾ ಚೀಲದ ಮುಂದಿನ ಜೇಬಿನಲ್ಲಿ ಒಂದು ಜೊತೆ ಬ್ಯಾಟರಿ ಸದಾ ಇರುತ್ತದೆ, ಅದನ್ನು ಬದಲಿಸಲು ಅವಳ ತರಗತಿಯ ಟೀಚರಿಗೂ ಪಕ್ಕದಲ್ಲಿ ಕೂರುವ ಗೆಳತಿಗೂ ಬರುತ್ತದೆ.

ನಾನು ಏಳು ವರ್ಷಗಳಿಂದ ಬರೆದಿಟ್ಟ ಲೆಕ್ಕದ ಪುಸ್ತಕ, ಸೆಲ್ ಪರೀಕ್ಷಿಸುವ ಮೀಟರು, ಪಂಚಾಯಿತಿಗೆ ಕೊಟ್ಟ ಅರ್ಜಿಯ ಮಾದರಿ ಈ ಮೇಜಿನ ಮೇಲಿವೆ. ನಿಮ್ಮ ಮಗುವಿನ ಪ್ರೊಸೆಸರಿನ ಮಾದರಿ ಯಾವುದು, ಒಂದು ಜೊತೆ ಎಷ್ಟು ಗಂಟೆ ಬರುತ್ತಿದೆ ಎಂದು ಹೇಳಿದರೆ, ಅದಕ್ಕೆ ಯಾವ ದಾರಿ ಕಡಿಮೆ ಖರ್ಚಿನದೆಂದು ಇಲ್ಲಿಯೇ ಕುಳಿತು ಒಟ್ಟಿಗೆ ಲೆಕ್ಕ ಹಾಕೋಣ.