ಹತ್ತು ನಿಮಿಷದ ಶಿಸ್ತು: ಮಲೆನಾಡಿನಲ್ಲಿ ಬಾವಲಿ ಅಧ್ಯಯನಕ್ಕೆ ಹೊರಟ ಸ್ವಯಂಸೇವಕರಿಗೆ

ಗೆಳೆಯರೇ, ಎಲ್ಲರಿಗೂ ನಮಸ್ಕಾರ.

ಮುಂದಿನ ಕೆಲವು ರಾತ್ರಿಗಳನ್ನು ನೀವು ಪಶ್ಚಿಮ ಘಟ್ಟದ ಹಳ್ಳ, ಕೆರೆಯಂಚು, ಕಾಫಿ ತೋಟಗಳಲ್ಲಿ ಬಾವಲಿಗಳ ಜೊತೆ ಕಳೆಯಲಿದ್ದೀರಿ. ಇಂಥ ತಂಡಕ್ಕೆ ಸೇರುವವರೆಲ್ಲರಿಗೂ ಬಾವಲಿಯನ್ನು ಕೈಯಲ್ಲಿ ಹಿಡಿಯುವ ಆಸೆ. ಅದು ಸಹಜ. ಆದರೆ ಬಲೆಗೆ ಬಿದ್ದ ಬಾವಲಿ ಜೀವಂತವಾಗಿ ಮರಳುವುದೂ, ನಾವು ಬರೆದಿಟ್ಟ ಅಂಕಿ ವರ್ಷಗಳ ನಂತರ ಕೆಲಸಕ್ಕೆ ಬರುವುದೂ ಗಡಿಯಾರ ನೋಡುತ್ತಿರುವವರ ಮತ್ತು ಪೆನ್ಸಿಲ್ ಹಿಡಿದವರ ಕೈಯಲ್ಲಿದೆ. ಸ್ವಯಂಸೇವಕರ ನಿಜವಾದ ಕೆಲಸ ಅದೇ.

ಮೊದಲು ಕಾನೂನು, ಆರೋಗ್ಯದ ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹಣ್ಣುಬಾವಲಿಗಳು ಬಹುಕಾಲ ಇಲಿ, ಕಾಗೆಗಳ ಜೊತೆ ಉಪದ್ರವಿಗಳ ಪಟ್ಟಿಯಲ್ಲಿದ್ದವು. 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯೇ ಹೋಯಿತು. ಅರಣ್ಯ ಇಲಾಖೆಯ ಅನುಮತಿ ಪತ್ರವಿಲ್ಲದೆ ಬಲೆ ಬಿಚ್ಚುವಂತಿಲ್ಲ. ಅದರ ನಕಲು ರಾತ್ರಿಯೂ ತಂಡದ ಜೊತೆಗಿರಬೇಕು.

ರೇಬೀಸ್ ಮುಂಜಾಗ್ರತಾ ಲಸಿಕೆಯನ್ನು 0, 7 ಮತ್ತು 21 ಅಥವಾ 28ನೇ ದಿನ ಕೊಡುತ್ತಾರೆ. ಹಾಗಾಗಿ ಹೊರಡುವ ಒಂದು ತಿಂಗಳ ಮೊದಲೇ ಶುರು ಮಾಡಬೇಕು. ಲಸಿಕೆ ಪೂರ್ತಿಯಾಗದವರು ಬರೆಯಬಹುದು, ದೀಪ ಹಿಡಿಯಬಹುದು, ಚೀಲ ಎಣಿಸಬಹುದು, ಬಾವಲಿಯನ್ನು ಮಾತ್ರ ಮುಟ್ಟುವಂತಿಲ್ಲ. ಕಚ್ಚಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ. ಲಸಿಕೆ ಆಗಿದ್ದರೂ ಮತ್ತೆ ಬೂಸ್ಟರ್ ಬೇಕು. ಬಾವಲಿಯ ಹತ್ತಿರ ಮಾಸ್ಕ್ ಕಡ್ಡಾಯ. ಅದು ನಮ್ಮ ರಕ್ಷಣೆಗೆ ಎಷ್ಟೋ, ನಮ್ಮ ಉಸಿರಿನ ವೈರಸ್‌ಗಳು ಅವಕ್ಕೆ ತಗಲದಿರಲಿ ಎನ್ನುವುದಕ್ಕೂ ಅಷ್ಟೇ.

ಮಲೆನಾಡಿನಲ್ಲಿ ಇನ್ನೊಂದು ತೊಡಕಿದೆ. ಮಳೆಗಾಲದಲ್ಲಿ ಬಲೆ ಕಟ್ಟಲಾಗದು. ಒದ್ದೆಯಾದ ಬಾವಲಿಯ ಮೈ ಬೇಗ ತಣ್ಣಗಾಗುತ್ತದೆ. ಕೆಲಸಕ್ಕೆ ಅನುಕೂಲವಾದ ಒಣ ತಿಂಗಳುಗಳೇ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ಜ್ವರ ಹರಡುವುದು ಉಣುಗಿನಿಂದ. ಆದ್ದರಿಂದ ಪ್ಯಾಂಟನ್ನು ಸಾಕ್ಸ್ ಒಳಗೆ ಸೇರಿಸಿ, ಉಣುಗು ಹತ್ತದಂತೆ ಡೆಪಾ ಎಣ್ಣೆ ಹಚ್ಚಿಕೊಳ್ಳಿ, ತರಗೆಲೆಯ ಮೇಲೆ ಕೂರಬೇಡಿ. ಮರಳಿ ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ, ಸ್ನಾನ ಮಾಡಿ, ಕಂಕುಳು, ಮೊಣಕಾಲಿನ ಹಿಂಭಾಗ ನೋಡಿಕೊಳ್ಳಿ. ಆಮೇಲೆ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳಿ. ಇಂಬಳಕ್ಕೆ ಅಷ್ಟೇನೂ ಹೆದರಬೇಕಿಲ್ಲ.

ಈಗ ಬಲೆ. ಮಿಸ್ಟ್ ನೆಟ್ ಎಂದರೆ ಕೂದಲೆಳೆಯಂಥ ನೈಲಾನ್ ದಾರದ ಬಲೆ. ಕಣ್ಣು 36ರಿಂದ 38 ಮಿಲಿಮೀಟರ್, ಎತ್ತರ ಸುಮಾರು ಎರಡೂವರೆ ಮೀಟರ್, ಉದ್ದ 6, 9 ಅಥವಾ 12 ಮೀಟರ್. ಅಡ್ಡದಾರಗಳ ನಡುವೆ ಬಲೆ ಸ್ವಲ್ಪ ಜೋತು ಜೋಳಿಗೆಯಂತಾಗಿರುತ್ತದೆ. ಬಾವಲಿ ಹಾರಿಬಂದು ಆ ಜೋಳಿಗೆಗೆ ಬೀಳಬೇಕು. ಅಡ್ಡದಾರವನ್ನು ತೀರಾ ಬಿಗಿದರೆ ಜೋಳಿಗೆಯೇ ಇರುವುದಿಲ್ಲ, ಬಾವಲಿ ಪುಟಿದು ಹೋಗುತ್ತದೆ. ತೀರಾ ಸಡಿಲ ಬಿಟ್ಟರೆ ಹತ್ತು ಸುತ್ತು ಸುತ್ತಿಕೊಂಡು ಬಿಡಿಸಲಾಗದ ಗಂಟಾಗುತ್ತದೆ. ನೀರಿನ ಮೇಲೆ ಕಟ್ಟುವಾಗ ಕೆಳಗಿನ ದಾರ ನೀರಿನಿಂದ ಕನಿಷ್ಠ ಅರ್ಧ ಮೀಟರ್ ಮೇಲಿರಲಿ. ದೊಡ್ಡ ಹಣ್ಣುಬಾವಲಿಯೊಂದು ಬಿದ್ದರೆ ಜೋಳಿಗೆ ಅಷ್ಟು ಇಳಿಯುತ್ತದೆ. ನೀರಿಗೆ ತಾಗಿದರೆ ಅದು ಮುಳುಗಿ ಸಾಯುತ್ತದೆ.

ಪನಾಮಾ, ಕೋಸ್ಟರಿಕಾದ ಮಳೆಕಾಡುಗಳಲ್ಲಿ ಕಾಲುದಾರಿಗೆ ಅಡ್ಡವಾಗಿ ಬಲೆ ಕಟ್ಟಿದರೆ ಸಾಕು, ಅಲ್ಲಿನ ಹಣ್ಣು, ಮಕರಂದ ತಿನ್ನುವ ಎಲೆಮೂಗಿನ ಬಾವಲಿಗಳು ನೆಲದ ಹತ್ತಿರವೇ ಹಾರುತ್ತವೆ. ನಮ್ಮಲ್ಲಿ ಹಾಗಲ್ಲ. ಹೆಚ್ಚಿನವು ಕೀಟಾಹಾರಿಗಳು, ಪ್ರತಿಧ್ವನಿಯಿಂದಲೇ ಬಲೆಯನ್ನು ಗುರುತಿಸಿ ತಿರುಗಿಬಿಡುತ್ತವೆ. ಅದಕ್ಕೇ ಹಳ್ಳ ಇಕ್ಕಟ್ಟಾಗುವ ಕಡೆ, ಅವು ನೀರು ಕುಡಿಯಲು ಇಳಿಯುವ ಕಡೆ, ಹಣ್ಣು ಬಿಟ್ಟ ಅತ್ತಿ ಮರದ ಬಳಿ ಬಲೆ ಕಟ್ಟುತ್ತೇವೆ. ಕಾಲುದಾರಿಯಲ್ಲಿ ಹಾರ್ಪ್ ಟ್ರ್ಯಾಪ್ ಇಡುತ್ತೇವೆ. ಚೌಕಟ್ಟಿನಲ್ಲಿ ಲಂಬವಾಗಿ ಬಿಗಿದ ಮೀನುದಾರಗಳ ಸಾಲು, ಕೆಳಗೆ ಕ್ಯಾನ್ವಾಸ್ ಚೀಲ. ದಾರಗಳ ನಡುವಿನ ಅಂತರ ಸುಮಾರು ಎರಡೂವರೆ ಸೆಂಟಿಮೀಟರ್. ಬಾವಲಿ ಮೊದಲ ಸಾಲು ದಾಟಿ ಎರಡನೆಯದಕ್ಕೆ ಬಡಿದು ಚೀಲಕ್ಕೆ ಜಾರುತ್ತದೆ.

ಗುಹೆಯ ಬಾಯಿಗೆ ಬಲೆ ಕಟ್ಟಬೇಡಿ. ಒಮ್ಮೆಗೇ ನೂರಾರು ಬಂದು ಬಡಿದರೆ ಬಿಡಿಸುವಷ್ಟರಲ್ಲಿ ಎಷ್ಟೋ ಸಾಯುತ್ತವೆ. ಗುಂಪಾಗಿ ಒಳಗೆ ಹೋಗುವುದೂ ಬೇಡ. ಕೋಲಾರದ ಹನುಮನಹಳ್ಳಿಯ ಬಂಡೆಗಳ ನಡುವೆ ಒಂದೇ ಒಂದು ಗುಹೆಯಲ್ಲಿ ಉಳಿದಿರುವ ಕೋಲಾರ ಎಲೆಮೂಗಿನ ಬಾವಲಿಯನ್ನು ನೆನಪಿಟ್ಟುಕೊಳ್ಳಿ. 1994ರಲ್ಲಿ ವಿಜ್ಞಾನ ಅದಕ್ಕೆ ಹೆಸರಿಟ್ಟಿತು. ಈಗ ಅದು ಅಳಿವಿನ ತುತ್ತತುದಿಯಲ್ಲಿದೆ, ಸಂಖ್ಯೆ ಇನ್ನೂರರೊಳಗೆ. ಕಲ್ಲುಗಣಿ ಅದರ ನೆಲೆಯನ್ನು ಕಿತ್ತುಕೊಂಡಿತು. ಇಂಥ ಕಡೆ ಒಂದು ರಾತ್ರಿಯ ಗಲಿಬಿಲಿಯೂ ದುಬಾರಿ.

ಸಂಜೆ ಐದರ ಹೊತ್ತಿಗೆ ಕಂಬ ನೆಟ್ಟು, ಬಲೆಯನ್ನು ಸುರುಳಿ ಸುತ್ತಿಯೇ ಇಡುತ್ತೇವೆ. ಹಕ್ಕಿಗಳು ಗೂಡು ಸೇರಿದ ಮೇಲೆ ಬಿಚ್ಚುವುದು. ಬಿಚ್ಚಿದ ಕ್ಷಣ ಗಡಿಯಾರ ಶುರು. ಪ್ರತಿ ಹತ್ತು ನಿಮಿಷಕ್ಕೊಮ್ಮೆ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ, ಮೇಲಿನಿಂದ ಕೆಳಗಿನ ಜೋಳಿಗೆಯವರೆಗೆ ದೀಪ ಹಾಯಿಸಿ ನೋಡಬೇಕು. ಹತ್ತು ನಿಮಿಷವೇ ಏಕೆ? ಆ ಅವಧಿಯೊಳಗೆ ಬಾವಲಿ ಒಂದೆರಡು ಸುತ್ತು ಮಾತ್ರ ಸಿಕ್ಕಿಕೊಂಡಿರುತ್ತದೆ. ಅರ್ಧ ಗಂಟೆ ಬಿಟ್ಟರೆ ಬಲೆ ಕಡಿದು ಹೋಗಿರುತ್ತದೆ, ಇಲ್ಲವೇ ದಾರ ಕುತ್ತಿಗೆಗೆ ಬಿಗಿದಿರುತ್ತದೆ. ಗೂಬೆ, ಹಾವು, ಕಾಡುಬೆಕ್ಕುಗಳಿಗೂ ಬಲೆ ಗೊತ್ತಾಗುತ್ತದೆ. ಬಿಡಿಸುವವರು ಎಷ್ಟು ಮಂದಿಯೋ ಅಷ್ಟೇ ಬಲೆ ಬಿಚ್ಚಬೇಕು. ಒಮ್ಮೆಗೇ ಹೆಚ್ಚು ಬಿದ್ದು ಕೈ ಸಾಲದಾದರೆ ಉಳಿದ ಬಲೆಗಳನ್ನು ತಕ್ಷಣ ಸುತ್ತಿಬಿಡಿ.

ಬಿಡಿಸುವ ಕೆಲಸವನ್ನು ಮೊದಲ ರಾತ್ರಿ ಬರೀ ನೋಡಿ. ಉಂಗುರ, ಕೈಗಡಿಯಾರ ತೆಗೆದಿಡಿ, ಎಲ್ಲಕ್ಕೂ ದಾರ ಸಿಗುತ್ತದೆ. ಬಾವಲಿ ಯಾವ ಕಡೆಯಿಂದ ಬಂತೆಂದು ಮೊದಲು ಕಂಡುಕೊಂಡು ಅದೇ ಕಡೆ ನಿಲ್ಲಿ. ಕೊನೆಗೆ ಸಿಕ್ಕಿಕೊಂಡದ್ದನ್ನು ಮೊದಲು ಬಿಡಿಸಬೇಕು. ಸಾಮಾನ್ಯವಾಗಿ ಕಾಲು, ಬಾಲದ ಪೊರೆ, ಒಂದು ರೆಕ್ಕೆ, ಇನ್ನೊಂದು ರೆಕ್ಕೆ, ಕಡೆಗೆ ತಲೆ. ಬಾವಲಿಯ ಕಾಲ್ಬೆರಳಿನ ಸ್ನಾಯುರಜ್ಜು ತಾನಾಗಿ ಬೀಗ ಹಾಕಿಕೊಳ್ಳುತ್ತದೆ, ತಲೆಕೆಳಗಾಗಿ ನಿದ್ರಿಸಲು ಅದೇ ಆಧಾರ. ಎಳೆದಷ್ಟೂ ಹಿಡಿತ ಬಿಗಿ. ಎಳೆಯುವ ಬದಲು ದಾರವನ್ನೇ ಉಗುರಿನ ತುದಿಯಿಂದ ಜಾರಿಸಿ. ಕ್ರೋಶೆ ಕಡ್ಡಿ ಇದಕ್ಕೆ ಒಳ್ಳೆಯ ಸಾಧನ. ಕಚ್ಚಲು ಬಟ್ಟೆಯ ಅಂಚು ಕೊಟ್ಟರೆ ಅದು ಬೆರಳನ್ನು ಬಿಡುತ್ತದೆ. ಐದು ನಿಮಿಷವಾದರೂ ದಾರಿ ಕಾಣದಿದ್ದರೆ ಹಿರಿಯರನ್ನು ಕರೆಯಿರಿ. ಅವರಿಗೂ ಆಗದಿದ್ದರೆ ಕತ್ತರಿಯಿಂದ ಒಂದೆರಡು ದಾರ ಕತ್ತರಿಸುತ್ತಾರೆ. ಬಲೆಯನ್ನು ಹೊಲಿಯಬಹುದು, ಕಡ್ಡಿಯಷ್ಟು ತೆಳುವಾದ ಬೆರಳಮೂಳೆಯನ್ನು ಹೊಲಿಯಲಾಗದು.

ಒಂದು ಹತ್ತಿ ಚೀಲಕ್ಕೆ ಒಂದೇ ಬಾವಲಿ. ಚೀಲದ ಹೊಲಿಗೆ ಹೊರಗಿರಲಿ, ಒಳಗಿನ ಎಳೆಗಳಿಗೆ ಉಗುರು ಸಿಗುತ್ತದೆ. ಚೀಟಿಯಲ್ಲಿ ಬಲೆಯ ಸಂಖ್ಯೆ, ಜೋಳಿಗೆ, ಸಮಯ ಬರೆಯಿರಿ. ಗರ್ಭಿಣಿ, ಹಾಲೂಡುವ ತಾಯಿ, ಮರಿ ಹೊತ್ತದ್ದು ಮೊದಲು ಹೊರಡಬೇಕು. ತಾಯಿಗಂಟಿದ ಮರಿಯನ್ನು ಬೇರ್ಪಡಿಸಬಾರದು. ಯಾವುದನ್ನೂ ಒಂದು ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ.

ಅಳತೆಯಲ್ಲಿ ಮುಖ್ಯವಾದದ್ದು ಮುಂಗೈ. ರೆಕ್ಕೆ ಮಡಿಚಿ, ಮೊಣಕೈಯಿಂದ ಮಣಿಕಟ್ಟಿನವರೆಗೆ ಕ್ಯಾಲಿಪರ್‌ನಿಂದ, ಮಿಲಿಮೀಟರ್‌ನ ಹತ್ತನೇ ಒಂದು ಭಾಗದವರೆಗೆ. ಗಿಡ್ಡಮೂತಿಯ ಹಣ್ಣುಬಾವಲಿಗಳಲ್ಲಿ ಎರಡು ಮಿಲಿಮೀಟರ್ ತಪ್ಪಿದರೆ ಜಾತಿಯೇ ಬದಲಾದೀತು. ತೂಕದಿಂದ ಖಾಲಿ ಚೀಲದ ತೂಕ ಕಳೆಯುವುದನ್ನು ಎಷ್ಟೋ ಜನ ಮರೆಯುತ್ತಾರೆ, ಹಾಳೆಯಲ್ಲಿ ಎರಡನ್ನೂ ಬರೆದರೆ ಮರೆವಿಗೆ ಜಾಗವಿಲ್ಲ. ವಯಸ್ಸಿಗೆ ರೆಕ್ಕೆಯ ಹಿಂದೆ ದೀಪ ಹಿಡಿದು ಬೆರಳಗಂಟು ನೋಡಿ. ಎಳೆಯದರಲ್ಲಿ ಗಂಟಿನ ಬಳಿ ಬೆಳಕು ತೂರುತ್ತದೆ, ಬೆಳೆದದ್ದರಲ್ಲಿ ಗಂಟು ಗಟ್ಟಿ, ದುಂಡಗೆ. ಕುದುರೆಲಾಳ ಬಾವಲಿಯ ಹೊಟ್ಟೆಯ ಕೆಳಗೆ ಮರಿ ಕಚ್ಚಿ ಹಿಡಿಯಲು ಹಾಲಿಲ್ಲದ ಎರಡು ತೊಟ್ಟುಗಳಿರುತ್ತವೆ. ಅವನ್ನು ಮೊಲೆತೊಟ್ಟೆಂದು ಬರೆಯಬೇಡಿ.

ಧ್ವನಿಮುದ್ರಕ ಹೊಣೆ ನಿಮ್ಮದಾದರೆ ಒಂದು ಅಂಶ ಗಮನಿಸಿ. ಸ್ಯಾಂಪ್ಲಿಂಗ್ ದರ ಎಂದರೆ ಯಂತ್ರ ದನಿಯನ್ನು ಸೆಕೆಂಡಿಗೆ ಎಷ್ಟು ಸಲ ಅಳೆಯುತ್ತದೆ ಎನ್ನುವುದು. ಅದರ ಅರ್ಧದವರೆಗಿನ ಆವರ್ತನದ ದನಿ ಮಾತ್ರ ದಾಖಲಾಗುತ್ತದೆ. ಆಡಿಯೋಮಾತ್ ಎಂಬ ನಮ್ಮ ಧ್ವನಿಮುದ್ರಕವನ್ನು 192 ಕಿಲೋಹರ್ಟ್ಸ್‌ಗೆ ಇಟ್ಟರೆ 96ರ ಮೇಲಿನದೆಲ್ಲ ಮಾಯ. 130ರ ಆಸುಪಾಸಿನಲ್ಲಿ ಕೂಗುವ ಎಲೆಮೂಗಿನ ಬಾವಲಿ ಅಲ್ಲಿ ಇರಲೇ ಇಲ್ಲ ಎಂದು ಕಡತ ಹೇಳುತ್ತದೆ. 384ಕ್ಕೆ ಇಡಿ. ಬ್ಯಾಟರಿ ಬದಲಿಸಿದಾಗಲೆಲ್ಲ ಗಡಿಯಾರ ಸರಿಯಿದೆಯೇ ನೋಡಿ.

ಬಲೆ ಬಿಚ್ಚಿದ ಮತ್ತು ಸುತ್ತಿದ ಸಮಯ, ಮಳೆ, ಚಂದ್ರನ ಬೆಳಕು ಪ್ರತಿ ರಾತ್ರಿ ಹಾಳೆಗೆ ಬರಬೇಕು. ಹುಣ್ಣಿಮೆಯ ಆಸುಪಾಸಿನಲ್ಲಿ ಕೆಲವು ಜಾತಿಗಳು ಬಯಲಿಗೆ ಬರುವುದೇ ಕಡಿಮೆ. 12 ಮೀಟರ್ ಬಲೆ ಎಂದರೆ 30 ಚದರ ಮೀಟರ್. ಮೂರು ಗಂಟೆ ತೆರೆದಿದ್ದರೆ ಶ್ರಮದ ಲೆಕ್ಕ, ಅಂದರೆ ಚದರ ಮೀಟರನ್ನು ಗಂಟೆಯಿಂದ ಗುಣಿಸಿದ್ದು, 90. ಈ ಅಂಕಿ ಇಲ್ಲದೆ ಈ ವರ್ಷದ ಐದು ಬಾವಲಿಯನ್ನು ಹೋದ ವರ್ಷದ ಹನ್ನೆರಡಕ್ಕೆ ಹೋಲಿಸಲಾಗದು. ಒಂದೂ ಬೀಳದ ರಾತ್ರಿಯ ಸೊನ್ನೆಯನ್ನೂ ಅಷ್ಟೇ ನಿಷ್ಠೆಯಿಂದ ಬರೆಯಿರಿ. ಬೇಸರದಲ್ಲಿ ಆ ಹಾಳೆ ಖಾಲಿ ಉಳಿಯುವುದೇ ಹೆಚ್ಚು.

ಬಿಡುವಾಗ ಎಸೆಯಬೇಡಿ. ಮೈ ತಣ್ಣಗಿದ್ದರೆ ಚೀಲದಲ್ಲೇ ಅಂಗೈಗಳ ನಡುವೆ ಬೆಚ್ಚಗೆ ಹಿಡಿದು, ಅದು ಚುರುಕಾದ ಮೇಲೆ ಮರದ ಕಾಂಡಕ್ಕೆ ಎದೆಯೆತ್ತರದಲ್ಲಿ ಹಚ್ಚಿ. ಸುಸ್ತಾದ ಹಣ್ಣುಬಾವಲಿಗೆ ಡ್ರಾಪರ್‌ನಲ್ಲಿ ಗ್ಲೂಕೋಸ್ ನೀರು ಕೊಡಬಹುದು.

ಬಲೆ ಸುತ್ತುವ ಮೊದಲು ಇಬ್ಬರು ಎರಡು ಬದಿಯಿಂದ ದೀಪ ಹಿಡಿದು ಪೂರ್ತಿ ನೋಡಬೇಕು. ಹೆಬ್ಬೆರಳುದ್ದದ ಬಾವಲಿ ಸುರುಳಿಯೊಳಗೆ ಸೇರಿಹೋದರೆ ಯಾರಿಗೂ ಕಾಣುವುದಿಲ್ಲ. ಚೀಲಗಳದ್ದೂ ಹಾಗೆಯೇ. ಇಪ್ಪತ್ತು ತಂದಿದ್ದರೆ ಇಪ್ಪತ್ತನ್ನೂ ಒಳಹೊರಗು ಮಾಡಿ, ಕೊಡವಿ, ಗಟ್ಟಿಯಾಗಿ ಎಣಿಸಿದ ನಂತರವೇ ಗಾಡಿ ಹತ್ತಿ.